ಪುರಸಭೆಗಳೂ ಕುಡಿಯುವ ನೀರೂ

ಮುಂಗಾರಿನ ಮೊದಲ ಮಳೆಗಳು ಬಿದ್ದು ನಾಲ್ಕು ದಿನಗಳಾಗುವಷ್ಟರಲ್ಲಿ ನಮ್ಮ ಸಣ್ಣ ಪಟ್ಟಣಗಳ ನಲ್ಲಿಗಳಲ್ಲಿ ಕೆಮ್ಮಣ್ಣಿನ ಬಣ್ಣದ ನೀರು ಬರತೊಡಗುವುದೂ, ಅದಾದ ಒಂದೆರಡು ವಾರಗಳಲ್ಲಿ ಆಸ್ಪತ್ರೆಗಳ ಪಡಸಾಲೆಗಳಲ್ಲಿ ವಾಂತಿಭೇದಿಯ ರೋಗಿಗಳು ತುಂಬುವುದೂ ವಾಚಕರಿಗೆ ಹೊಸ ಸಂಗತಿಗಳಲ್ಲ. ಇದನ್ನು ಋತುಧರ್ಮವೆಂದೆಣಿಸಿ ಸುಮ್ಮನಿರುವ ಅಭ್ಯಾಸ ನಮಗೆ ಬಂದುಹೋಗಿದೆ. ಬೇಸಿಗೆಯಲ್ಲಿ ನೀರಿಲ್ಲವೆಂದು ಬರಿಗೊಡಗಳನ್ನು ಹೊತ್ತು ಪುರಸಭೆಯ ಬಾಗಿಲಿಗೆ ಹೋಗುವ ಜನರು ಮಳೆಗಾಲದಲ್ಲಿ ಬಂದ ನೀರು ಎಂಥದೆಂದು ಕೇಳಲು ಹೋಗುವುದಿಲ್ಲ. ನೀರು ಬಂತೆ ಎಂಬುದೊಂದೇ ಊರಿನ ಪ್ರಶ್ನೆ. ಬಂದ ನೀರು ಕುಡಿಯಲು ತಕ್ಕುದೆ? ತಕ್ಕುದೆಂದು ಹೇಳಿದವರಾರು? ಯಾವ ಪರೀಕ್ಷೆಯನ್ನು ಮಾಡಿ ಹಾಗೆ ಹೇಳಿದರು? ಈ ಮೂರು ಪ್ರಶ್ನೆಗಳನ್ನು ಮಳೆಗಾಲವು ಬಲಿಯುವುದಕ್ಕೆ ಮುಂಚೆಯೇ ಮಹಾಜನರ ಮುಂದೆಯೂ ಅಧಿಕಾರವರ್ಗದವರ ಮುಂದೆಯೂ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಕೆಟ್ಟ ನೀರಿನಿಂದ ರೋಗ ಹಬ್ಬುವುದೆಂಬುದು ಇಂದು ನಿನ್ನೆ ತಿಳಿದ ವಿಷಯವಲ್ಲ. ಕಾಲರಾ ರೋಗದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿಯು ೧೮೮೪ರಲ್ಲಿ ನಮ್ಮ ದೇಶದ ಕಲ್ಕತ್ತೆಯಲ್ಲಿಯೇ, ಜನರು ಬಳಸುತ್ತಿದ್ದ ಕೆರೆಯ ನೀರಿನಲ್ಲಿಯೇ ಕಂಡನು. ಅದಾಗಿ ನೂರನಾಲ್ವತ್ತು ವರ್ಷಗಳು ಕಳೆದಿವೆ. ಆದರೂ ೨೦೨೨ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಗರಸಭೆ ಒದಗಿಸಿದ ನೀರನ್ನು ಕುಡಿದವರು ಕಾಯಿಲೆಯಿಂದ ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಜಿಲ್ಲೆಯ ಮುಖ್ಯ ಪಟ್ಟಣದ ಅವಸ್ಥೆ ಇದು. ಮರುವರ್ಷವೇ, ೨೦೨೩ರ ಜುಲೈ ಕೊನೆಯಲ್ಲಿ, ಚಿತ್ರದುರ್ಗ ನಗರಕ್ಕೆ ಸೇರಿದ ಕವಾಡಿಗರಹಟ್ಟಿಯಲ್ಲಿ ಅದೇ ಕಥೆ ಮರುಕಳಿಸಿತು. ಅಲ್ಲಿ ಯಾರೋ ತೊಟ್ಟಿಗೆ ವಿಷ ಬೆರೆಸಿರಬೇಕೆಂಬ ಶಂಕೆಯೂ ಹುಟ್ಟಿತು. ಜನರು ಹಾಗೆ ಶಂಕಿಸಿದುದು ಸಹಜವೇ. ಆದರೆ ನೀರು ವಿಷವಾಗಲು ವಿಷ ಬೆರೆಸುವ ಕೈಯೇ ಬೇಕೆಂದಿಲ್ಲ. ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟ ಕೈಗಳೂ ಸಾಕು. ಎರಡು ಕಡೆಗಳಲ್ಲಿಯೂ ಪರಿಹಾರಧನದ ಘೋಷಣೆಯೂ ವಿಚಾರಣೆಯ ಆಜ್ಞೆಯೂ ಹೊರಟವು. ಆ ಸಾವುಗಳಿಂದ ಉಳಿದ ನೂರಾರು ಪಟ್ಟಣಗಳು ಕಲಿತ ಪಾಠವೇನೆಂದು ಕೇಳಿದರೆ ಉತ್ತರ ಸಿಕ್ಕುವುದು ಕಷ್ಟ.

ಇಂಥದೇ ದುರಂತವೊಂದರಿಂದ ಪೂರ್ಣವಾಗಿ ಪಾಠ ಕಲಿತ ನಾಡೊಂದುಂಟು. ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ ವಾಕರ್‌ಟನ್ ಎಂಬ ಊರು. ಸುಮಾರು ಐದು ಸಾವಿರ ಜನಸಂಖ್ಯೆ, ನಮ್ಮ ಒಂದು ಹೋಬಳಿಯ ಊರಿನಷ್ಟು. ನಮ್ಮವರ ತಪ್ಪನ್ನು ಹೇಳಲು ಪರದೇಶದ ದೃಷ್ಟಾಂತವೇಕೆಂದು ಕೆಲವರು ಆಕ್ಷೇಪಿಸಬಹುದು. ಅಲ್ಲಿ ತಪ್ಪನ್ನು ಆಮೂಲಾಗ್ರವಾಗಿ ಶೋಧಿಸಿ, ಶೋಧಿಸಿದುದನ್ನು ಬರೆದು, ಬರೆದುದನ್ನು ಕಾನೂನಾಗಿ ಮಾಡಿದರೆಂಬುದೇ ಅದಕ್ಕೆ ಕಾರಣ.

ವಾಕರ್‌ಟನ್ನಿನ ನೀರಿನ ಕೆಲಸವನ್ನು ಊರಿನದೇ ಆದ ಮಂಡಲಿಯೊಂದು ನಡೆಸುತ್ತಿತ್ತು. ನೀರು ಬರುತ್ತಿದ್ದುದು ಬಾವಿಗಳಿಂದ. ಅವುಗಳಲ್ಲಿ ಐದನೆಯದೆಂದು ಹೆಸರಾದ ಬಾವಿ ಆಳವಿಲ್ಲದ್ದು. ಅದರ ಮಗ್ಗುಲಲ್ಲಿಯೇ ದನ ಸಾಕುವವರ ಹೊಲವಿತ್ತು. ೨೦೦೦ದ ಮೇ ತಿಂಗಳ ಎರಡನೆಯ ವಾರದಲ್ಲಿ ಅಲ್ಲಿ ಜಡಿಮಳೆ ಹಿಡಿಯಿತು. ಹೊಲಕ್ಕೆ ಹಾಕಿದ್ದ ಸಗಣಿಗೊಬ್ಬರದ ಸೂಕ್ಷ್ಮಾಣುಗಳು ಮಳೆನೀರಿನೊಡನೆ ನೆಲದೊಳಗಿಳಿದು ಬಾವಿಯನ್ನು ಸೇರಿದವು. ನೀರಿಗೆ ಸೇರಿಸುತ್ತಿದ್ದ ಕ್ಲೋರಿನ್ ಅವುಗಳನ್ನು ಕೊಲ್ಲಲು ಸಾಲದಾಯಿತು. ೨,೩೦೦ಕ್ಕೂ ಮಿಕ್ಕ ಜನರು ಕಾಯಿಲೆ ಬಿದ್ದರು. ೭ ಮಂದಿ ಸತ್ತರು. ಗೊಬ್ಬರ ಹಾಕಿದ ರೈತನದು ಏನೂ ತಪ್ಪಿಲ್ಲವೆಂದು ಮುಂದೆ ನಿಷ್ಕರ್ಷೆಯಾಯಿತು.

ಹಾಗಾದರೆ ತಪ್ಪು ಯಾರದು? ನೀರಿನ ಕೆಲಸದ ಮೇಲಿದ್ದ ಸಹೋದರರಿಬ್ಬರು ಪ್ರತಿದಿನವೂ ನೀರಿನಲ್ಲಿ ಉಳಿದಿರುವ ಕ್ಲೋರಿನ್ನನ್ನು ಅಳೆದು ಪುಸ್ತಕದಲ್ಲಿ ಬರೆಯಬೇಕಾಗಿತ್ತು. ಅಳೆಯುವ ಕೆಲಸ ಬಹುತೇಕ ದಿನಗಳಲ್ಲಿ ನಡೆಯಲೇ ಇಲ್ಲ; ಬರೆಯುವ ಕೆಲಸ ಮಾತ್ರ ತಪ್ಪಲಿಲ್ಲ. ಲೀಟರಿಗೆ ೦.೫ ಅಥವಾ ೦.೭೫ ಮಿಲಿಗ್ರಾಂ ಎಂಬ ಅಂಕೆಗಳು ಪುಟದ ಮೇಲೆ ಪುಟ ಸಾಲುಗಟ್ಟಿ ನಿಂತವು. ಪರೀಕ್ಷೆಗೆ ಕಳುಹಿಸುವ ನೀರಿನ ಸೀಸೆಗಳ ಮೇಲೆ ಒಂದೆಡೆ ತುಂಬಿದ ನೀರಿಗೆ ಇನ್ನೊಂದೆಡೆಯ ಹೆಸರು ಬರೆಯುವುದೂ ನಡೆದಿತ್ತು. ಮೇ ೧೭ರಂದು ಪ್ರಯೋಗಶಾಲೆಯಿಂದ ನೀರು ಕೆಟ್ಟಿದೆಯೆಂದು ವರದಿ ಬಂದಿತು. ಊರಿನಲ್ಲಿ ಮಕ್ಕಳು ರಕ್ತಭೇದಿಯಿಂದ ನರಳತೊಡಗಿದಾಗ ಆರೋಗ್ಯಾಧಿಕಾರಿಗಳು ನೀರಿನ ಸ್ಥಿತಿಯನ್ನು ವಿಚಾರಿಸಿದರು. ನೀರು ಸರಿಯಾಗಿದೆಯೆಂಬ ಉತ್ತರವೇ ದೊರೆಯಿತು. ಪ್ರಯೋಗಶಾಲೆಯವರು ವರದಿಯನ್ನು ನೀರಿನ ಮಂಡಲಿಗೆ ಮಾತ್ರ ಕಳುಹಿಸಿದ್ದರು. ಆರೋಗ್ಯಾಧಿಕಾರಿಗೂ ಕಳುಹಿಸತಕ್ಕದ್ದೆಂಬ ಕಟ್ಟಳೆ ಆಗ ಇರಲಿಲ್ಲ. ಕೊನೆಗೆ ಮೇ ೨೧ರಂದು ಆರೋಗ್ಯಾಧಿಕಾರಿಯು ತಾನಾಗಿಯೇ ನೀರನ್ನು ಕುದಿಸಿ ಕುಡಿಯಿರೆಂದು ಸಾರಿಸಿದನು. ವರದಿ ಬಂದ ಆ ನಾಲ್ಕು ದಿನಗಳೂ ಊರು ಆ ನೀರನ್ನೇ ಕುಡಿದಿತ್ತು.

ಆ ಇಬ್ಬರು ಜನದ್ರೋಹಿಗಳೇನೂ ಆಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕ್ಲೋರಿನ್ ಬೆರೆಸದ ಬಾವಿಯ ನೀರನ್ನು ಅವರೂ ಕುಡಿಯುತ್ತಿದ್ದರು. ತಮ್ಮೂರಿನ ನೀರು ಎಂದೂ ಕೆಡದೆಂದು ಅವರ ನಂಬಿಕೆ. ಔಷಧದ ವಾಸನೆ ಬರುತ್ತದೆಂದು ಊರಿನವರೂ ಆಗಾಗ ದೂರುತ್ತಿದ್ದರು. ಸೂಕ್ಷ್ಮಾಣುಗಳ ವಿಷಯದಲ್ಲಿ ಅವರಿಗೆ ಸರಿಯಾದ ಶಿಕ್ಷಣವನ್ನು ಯಾರೂ ಕೊಟ್ಟಿರಲಿಲ್ಲ. ಇಂಥ ಸಾಮಾನ್ಯ ಮನುಷ್ಯರು, ಸಾಮಾನ್ಯವಾದ ಉದಾಸೀನದಿಂದ, ಪುಸ್ತಕದ ಮನೆಗಳನ್ನು ತುಂಬಿಸಲು ಬರೆದ ಸುಳ್ಳು ಅಂಕೆಗಳು ಏಳು ಜೀವಗಳನ್ನು ತೆಗೆದುಕೊಂಡವು. ನಮ್ಮ ಊರಿನ ಕಛೇರಿಗಳನ್ನು ಬಲ್ಲವರಿಗೆ ಈ ಚಿತ್ರವು ಅಪರಿಚಿತವೆಂದು ತೋರಲಾರದು.

ನ್ಯಾಯಮೂರ್ತಿ ಡೆನಿಸ್ ಓಕಾನರರ ಅಧ್ಯಕ್ಷತೆಯಲ್ಲಿ ಅಲ್ಲಿ ವಿಚಾರಣೆ ನಡೆದು ೨೦೦೨ರಲ್ಲಿ ವರದಿ ಹೊರಬಿದ್ದಿತು. ನ್ಯಾಯಮೂರ್ತಿಗಳು ಸಹೋದರರಿಬ್ಬರ ತಪ್ಪನ್ನು ಎತ್ತಿ ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ಐದನೆಯ ಬಾವಿಯಲ್ಲಿ ಕ್ಲೋರಿನ್ನನ್ನೂ ನೀರಿನ ಬಗ್ಗಡವನ್ನೂ ಹಗಲಿರುಳು ತಾನಾಗಿ ಅಳೆಯುವ ಯಂತ್ರಗಳಿದ್ದಿದ್ದರೆ ಈ ದುರಂತವು ತಪ್ಪುತ್ತಿತ್ತೆಂದೂ, ಅವುಗಳನ್ನಿಡಿಸದಿದ್ದುದು ಪ್ರಾಂತ್ಯದ ಇಲಾಖೆಯ ತಪ್ಪೆಂದೂ, ಮಿತವ್ಯಯದ ಹೆಸರಿನಲ್ಲಿ ಇಲಾಖೆಯ ಕೈಕಾಲು ಕತ್ತರಿಸಿದ ಸರಕಾರವೂ ಹೊಣೆಯಿಂದ ತಪ್ಪಿಸಿಕೊಳ್ಳಲಾಗದೆಂದೂ ನಿರ್ಭಿಡೆಯಿಂದ ಹೇಳಿದರು. ಅದೇ ವರ್ಷ ಸುರಕ್ಷಿತ ಕುಡಿಯುವ ನೀರಿನ ಕಾಯಿದೆಯು ಅಲ್ಲಿ ಹುಟ್ಟಿತು. ತರಬೇತಿ ಪಡೆದು ಪ್ರಮಾಣಪತ್ರವಿಲ್ಲದವನು ಊರಿನ ನೀರಿನ ಯಂತ್ರಗಳನ್ನು ನಡೆಸಕೂಡದು. ಪರೀಕ್ಷೆಯಲ್ಲಿ ನೀರು ಕೆಟ್ಟಿದೆಯೆಂದು ಕಂಡ ಕೂಡಲೇ ಪ್ರಯೋಗಶಾಲೆಯವರು ಆರೋಗ್ಯಾಧಿಕಾರಿಗೆ ತಿಳಿಸಲೇಬೇಕು. ೨೦೧೨ರ ಕೊನೆಯ ದಿನದಿಂದ ಇನ್ನೊಂದು ವಿಧಿಯೂ ಆಚರಣೆಗೆ ಬಂದಿತು: ಊರಿನ ನೀರಿನ ಮೇಲ್ವಿಚಾರಣೆಯುಳ್ಳ ಪೌರಸಭಾಸದಸ್ಯರು ತಕ್ಕ ಜಾಗರೂಕತೆಯನ್ನು ತೋರಿಸದಿದ್ದರೆ ತಾವೇ ದಂಡಕ್ಕೂ ಕಾರಾಗೃಹವಾಸಕ್ಕೂ ಗುರಿಯಾಗುವರು.

ಇನ್ನು ನಮ್ಮ ಸ್ಥಿತಿಯನ್ನು ನೋಡೋಣ. ಕುಡಿಯುವ ನೀರು ಹೇಗಿರಬೇಕೆಂಬ ವಿಷಯದಲ್ಲಿ ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ಭಾರತೀಯ ಮಾನಕ ಸಂಸ್ಥೆಯು ೨೦೧೨ರಲ್ಲಿ ಪರಿಷ್ಕರಿಸಿದ ೧೦೫೦೦ನೆಯ ಮಾನಕವು ಇದನ್ನು ವಿಶದವಾಗಿ ಹೇಳುತ್ತದೆ. ೧೦೦ ಮಿಲಿಲೀಟರು ನೀರಿನಲ್ಲಿ ಮಲದಿಂದ ಬರುವ ಈ-ಕೋಲೈ ಸೂಕ್ಷ್ಮಾಣು ಒಂದೂ ಕಾಣಿಸಕೂಡದು. ಫ್ಲೋರೈಡ್ ಲೀಟರಿಗೆ ೧ ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರು ಸಿಕ್ಕದೆಡೆಯಲ್ಲಿಯೂ ೧.೫ನ್ನು ಮೀರಕೂಡದು, ನೈಟ್ರೇಟು ೪೫ ಮಿಲಿಗ್ರಾಮನ್ನು ದಾಟಕೂಡದು, ಕ್ಲೋರಿನ್ ಬೆರೆಸಿದ ನೀರು ಮನೆಯ ನಲ್ಲಿಗೆ ಬಂದಾಗಲೂ ಲೀಟರಿಗೆ ೦.೨ ಮಿಲಿಗ್ರಾಂ ಕ್ಲೋರಿನ್ ಅದರಲ್ಲಿ ಉಳಿದಿರಬೇಕು. ನಿಯಮಗಳು ಉತ್ತಮವಾಗಿವೆ. ಆದರೆ ಕೊಳಾಯಿಯ ಮೂಲಕ ನೀರನ್ನೊದಗಿಸುವ ಪುರಸಭೆಗಳ ಮೇಲೆ ಅವು ಕಡ್ಡಾಯವಲ್ಲ! ಅಂಗಡಿಯಲ್ಲಿ ಬಾಟಲಿಯಲ್ಲಿ ತುಂಬಿ ಮಾರುವ ನೀರು ೨೦೦೬ರ ಆಹಾರ ಸುರಕ್ಷತಾ ಕಾಯಿದೆಗೆ ಒಳಪಟ್ಟಿದೆ. ಅದು ಕೆಟ್ಟಿದ್ದರೆ ಮಾರಿದವನಿಗೆ ಶಿಕ್ಷೆಯುಂಟು. ಬಾಟಲಿಯನ್ನು ಕೊಳ್ಳಲಾರದ ಬಡವನು ನಲ್ಲಿಯಿಂದ ಹಿಡಿದುಕೊಳ್ಳುವ ನೀರಿಗೆ ಆ ರಕ್ಷಣೆಯಿಲ್ಲ. ಶುದ್ಧವಾದ ನೀರೂ ಗಾಳಿಯೂ ಜೀವಿಸುವ ಹಕ್ಕಿನಲ್ಲಿಯೇ ಸೇರಿವೆಯೆಂದು ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿಯೇ ಹೇಳಿರುವಾಗ, ಹಣವುಳ್ಳವನ ನೀರಿಗೊಂದು ಕಾನೂನು, ಹಣವಿಲ್ಲದವನ ನೀರಿಗೊಂದು ಸಲಹೆ ಎಂಬ ಈ ಭೇದವನ್ನು ಯಾವ ನ್ಯಾಯದಿಂದ ಸಮರ್ಥಿಸಬಹುದೋ ನಾವರಿಯೆವು.

ನೀರು ಕೆಡುವ ಬಗೆಯನ್ನೂ ಸ್ವಲ್ಪ ವಿವರಿಸಬೇಕಾಗಿದೆ. ಶುದ್ಧೀಕರಣ ಘಟಕದಲ್ಲಿ ಪಟಕವನ್ನು ಹಾಕಿ ಬಗ್ಗಡವನ್ನು ತಳಕ್ಕಿಳಿಸಿ, ಮರಳಿನ ಮೂಲಕ ಸೋಸಿ, ಕ್ಲೋರಿನ್ ಬೆರೆಸಿ ಬಿಟ್ಟ ನೀರು ಅಲ್ಲಿ ಶುದ್ಧವಾಗಿದ್ದರೂ ಮನೆಗೆ ಬರುವಷ್ಟರಲ್ಲಿ ಹಾಗೆಯೇ ಇರುವುದೆಂದು ಹೇಳಲಾಗದು. ನಮ್ಮ ಬಹುತೇಕ ಪಟ್ಟಣಗಳಲ್ಲಿ ನೀರು ಸರದಿಯ ಮೇಲೆ ಬರುತ್ತದೆ. ಎರಡು ದಿನಕ್ಕೊಮ್ಮೆ, ಕೆಲವೆಡೆ ವಾರಕ್ಕೊಮ್ಮೆ. ನೀರು ಹರಿಯುತ್ತಿರುವಾಗ ಕೊಳವೆಯೊಳಗಿನ ಒತ್ತಡವು ಹೊರಗಿನ ಕೊಳೆಯನ್ನು ತಡೆದಿಡುತ್ತದೆ. ನೀರು ನಿಂತಾಗ ಆ ಒತ್ತಡವಿರುವುದಿಲ್ಲ. ಸವೆದ ಬೆಸುಗೆಗಳಿಂದಲೂ ಬಿರುಕುಗಳಿಂದಲೂ ಮಗ್ಗುಲ ಚರಂಡಿಯ ನೀರು ಒಳಕ್ಕೆ ಇಳಿಯುತ್ತದೆ. ಮುಂದಿನ ಸರದಿಯ ದಿನ ಮೊದಲು ಬರುವುದು ಆ ನೀರೇ. ಇದರ ಮೇಲೆ ಮನೆಮನೆಯವರು ನಲ್ಲಿಗೆ ಮೋಟಾರು ಕಟ್ಟಿ ಎಳೆದರಂತೂ ಕೊಳೆಯನ್ನು ಕರೆದು ಕುಡಿದಂತೆ. ಹುಬ್ಬಳ್ಳಿ-ಧಾರವಾಡಗಳ ಕೆಲವು ಬಡಾವಣೆಗಳಲ್ಲಿ ೨೦೦೮ರಿಂದ ಹಗಲಿರುಳು ನೀರು ಕೊಡುವ ವ್ಯವಸ್ಥೆ ಬಂದಿತು. ಅಲ್ಲಿಯ ನೀರನ್ನೂ ಅದೇ ಊರಿನ ಸರದಿಯ ನೀರನ್ನೂ ವಿದ್ವಾಂಸರು ಹೋಲಿಸಿ ಪರೀಕ್ಷಿಸಿದಾಗ, ಮಲದ ಸೂಕ್ಷ್ಮಾಣುಗಳು ಸರದಿಯ ನಲ್ಲಿಗಳಲ್ಲಿಯೇ ಬಹಳ ಹೆಚ್ಚಾಗಿ ಕಂಡುಬಂದವು. ಆದಕಾರಣ ಶುದ್ಧೀಕರಣ ಘಟಕದ ಬಾಗಿಲಲ್ಲಿ ತುಂಬಿದ ಸೀಸೆಯ ಪರೀಕ್ಷೆಯಿಂದ ಊರಿನ ಕೊನೆಯ ಕೇರಿಯ ನೀರಿನ ಗುಣವನ್ನು ಹೇಳುವುದು ತಲೆಬಾಗಿಲನ್ನು ನೋಡಿ ಅಡಿಗೆಮನೆಯ ರುಚಿಯನ್ನು ಹೇಳಿದಂತೆ.

ಕ್ಲೋರಿನ್ನಿನ ಲೆಕ್ಕವೂ ಸುಲಭವಾದುದೇ. ಹತ್ತು ಲಕ್ಷ ಲೀಟರು ಹಿಡಿಯುವ ತೊಟ್ಟಿಗೆ ಲೀಟರಿಗೆ ೨ ಮಿಲಿಗ್ರಾಮಿನಂತೆ ಬೆರೆಸಲು ೨ ಕಿಲೋಗ್ರಾಂ ಕ್ಲೋರಿನ್ ಬೇಕು. ಹೊಸದಾದ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಕ್ಲೋರಿನ್ ಇರುವುದರಿಂದ ೬ ಕಿಲೋಗ್ರಾಂ ಪುಡಿ ಸಾಕು. ಆದರೆ ಬಾಯಿ ತೆರೆದಿಟ್ಟ ಮೂಟೆಯಲ್ಲಿ ಬಿಸಿಲಿಗೂ ತೇವಕ್ಕೂ ಸಿಕ್ಕಿ ಪುಡಿಯ ಸತ್ತ್ವವು ದಿನದಿನಕ್ಕೆ ಇಳಿಯುತ್ತದೆ. ಅರ್ಧ ಸತ್ತ್ವ ಕಳೆದಿದ್ದರೆ ೧೨ ಕಿಲೋಗ್ರಾಂ ಬೇಕಾಗುವುದು. ಮಳೆಗಾಲದ ಬಗ್ಗಡ ನೀರಾದರೆ ಕೊಳೆಯೇ ಕ್ಲೋರಿನ್ನನ್ನು ನುಂಗಿಬಿಡುವುದರಿಂದ ಇನ್ನೂ ಹೆಚ್ಚು ಬೇಕು. ಹೀಗಿರುವಾಗ ಬೇಸಿಗೆಯಲ್ಲಿ ಹಾಕಿದಷ್ಟನ್ನೇ ಮಳೆಗಾಲದಲ್ಲಿಯೂ ಹಾಕಿ, ಇಷ್ಟು ಪುಡಿ ಹಾಕಿದೆವೆಂದು ಬರೆದಿಟ್ಟರೆ ಅದರಿಂದ ತಿಳಿಯುವುದೇನು? ಹಾಕಿದ ಪುಡಿಯ ಲೆಕ್ಕ ಉಗ್ರಾಣಕ್ಕೆ ಸೇರಿದ್ದು. ಪ್ರಜೆಗೆ ಬೇಕಾದುದು ತನ್ನ ನಲ್ಲಿಯಲ್ಲಿ ಉಳಿದ ಕ್ಲೋರಿನ್ನಿನ ಲೆಕ್ಕ. ಅದನ್ನು ಅಳೆಯಲು ದೊಡ್ಡ ವಿದ್ಯೆ ಬೇಡ. ಪುಟ್ಟ ಗಾಜಿನ ಕೊಳವೆಯಲ್ಲಿ ನೀರು ತುಂಬಿ, ಹನಿ ಔಷಧ ಹಾಕಿ, ಬಣ್ಣವನ್ನು ನೋಡುವ ನಿಮಿಷದ ಕೆಲಸ.

ಇಷ್ಟು ಹೇಳಿದ ಮೇಲೆ ಪುರಸಭೆಗಳ ಕಷ್ಟವನ್ನೂ ಹೇಳುವುದು ನ್ಯಾಯ. ೧೯೯೩ರಲ್ಲಿ ಆಚರಣೆಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ನೀರು ಸರಬರಾಜನ್ನು ಪೌರಸಂಸ್ಥೆಗಳ ಕೆಲಸಗಳಲ್ಲೊಂದಾಗಿ ಎಣಿಸಿತು. ಕೆಲಸ ಬಂದಿತು; ಅದಕ್ಕೆ ತಕ್ಕ ಹಣವೂ ಜನವೂ ಬರಲಿಲ್ಲ. ಅನೇಕ ಊರುಗಳಲ್ಲಿ ತೊಟ್ಟಿಯನ್ನೂ ಕೊಳವೆಗಳನ್ನೂ ಕಟ್ಟುವವರು ನಗರ ನೀರು ಸರಬರಾಜು ಮಂಡಳಿಯವರು, ನಡೆಸತಕ್ಕವರು ಪುರಸಭೆಯವರು, ದಿನದ ಕೆಲಸ ಮಾಡುವವರು ಗುತ್ತಿಗೆದಾರನ ಆಳುಗಳು. ನೀರು ಕೆಟ್ಟ ದಿನ ಒಬ್ಬರು ಇನ್ನೊಬ್ಬರತ್ತ ಬೆರಳು ತೋರುವುದು ಸುಲಭವಾಗಿದೆ. ಕೊನೆಗೆ ಎಲ್ಲರ ಬೆರಳುಗಳೂ ಕೂಡುವುದು ವಾಲ್ವು ತಿರುಗಿಸುವ ನೀರುಗಂಟಿಯ ಮೇಲೆ. ಅಲ್ಪ ಸಂಬಳದ, ನಾಳೆ ಕೆಲಸವಿದೆಯೋ ಇಲ್ಲವೋ ಅರಿಯದ, ಕ್ಲೋರಿನ್ ಏಕೆಂದು ಯಾರೂ ಹೇಳಿಕೊಡದ ಆ ಮನುಷ್ಯನ ಕೈಯಲ್ಲಿ ಊರಿನ ಪ್ರಾಣವನ್ನಿಟ್ಟು, ಕೆಟ್ಟಾಗ ಅವನೊಬ್ಬನನ್ನೇ ದಂಡಿಸುವುದು ಪೌರುಷವೂ ಅಲ್ಲ, ಪರಿಹಾರವೂ ಅಲ್ಲ.

ಪಟ್ಟಣವಾಸಿಗಳಾದ ನಾವೂ ನಿರ್ದೋಷಿಗಳಲ್ಲ. ನೀರಿನ ಕಂದಾಯವನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವವರು, ಚರಂಡಿಯನ್ನು ಹಾಯಿಸಿ ಕಳ್ಳ ನಲ್ಲಿ ಎಳೆದುಕೊಳ್ಳುವವರು, ನಲ್ಲಿಗೆ ಮೋಟಾರು ಕಟ್ಟುವವರು ನಮ್ಮ ನಡುವೆಯೇ ಇದ್ದಾರೆ. ಓದುಬರಹ ಬಲ್ಲವರೂ ಅವರಲ್ಲಿದ್ದಾರೆ. ಮನೆಗೆ ಶುದ್ಧೀಕರಣ ಯಂತ್ರವನ್ನು ತಂದಿಟ್ಟುಕೊಂಡ ಮೇಲೆ ಊರಿನ ನೀರಿನ ಚಿಂತೆ ತನ್ನದಲ್ಲವೆಂದು ಅನುಕೂಲಸ್ಥರು ಭಾವಿಸಿದುದೇ ಎಲ್ಲಕ್ಕಿಂತ ದೊಡ್ಡ ಹಾನಿ. ಮಾತನಾಡಬಲ್ಲವರು ಮೌನವಾದರೆ ಕವಾಡಿಗರಹಟ್ಟಿಗಳ ಪರವಾಗಿ ಮಾತನಾಡುವವರಾರು?

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಕುಡಿಯುವ ನೀರಿನ ಮಾನಕವನ್ನು ಎಲ್ಲ ಪೌರಸಂಸ್ಥೆಗಳ ಮೇಲೆ ಕಡ್ಡಾಯಮಾಡುವ ಶಾಸನವನ್ನು ನಮ್ಮ ವಿಧಾನಮಂಡಲವು ಮಾಡಬೇಕು. ನೀರು ಸರಬರಾಜೂ ಸಾರ್ವಜನಿಕ ಆರೋಗ್ಯವೂ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯಗಳು. ದಿಲ್ಲಿಯ ಕಡೆ ನೋಡುತ್ತ ಕೂರುವ ಅಗತ್ಯವಿಲ್ಲ. ಎರಡನೆಯದಾಗಿ, ಪರೀಕ್ಷೆಯ ನೀರನ್ನು ಸರಬರಾಜು ಮಾಡುವವರ ಕೈಯಿಂದ ತುಂಬಿಸಕೂಡದು. ಆರೋಗ್ಯ ಇಲಾಖೆಯವರು ಮುನ್ಸೂಚನೆಯಿಲ್ಲದೆ ಬಂದು, ಕೊಳವೆಯ ಸಾಲಿನ ಕೊನೆಯ ನಲ್ಲಿಯಿಂದ, ಅದರಲ್ಲಿಯೂ ಬಡವರ ಕೇರಿಯ ನಲ್ಲಿಯಿಂದ ತುಂಬತಕ್ಕದ್ದು. ನೀರು ಕೆಟ್ಟಿದೆಯೆಂಬ ವರದಿಯು ಅದೇ ದಿನ ಪುರಸಭೆಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಒಟ್ಟಿಗೆ ತಲಪತಕ್ಕದ್ದು. ಮೂರನೆಯದಾಗಿ, ಪ್ರತಿದಿನದ ಕ್ಲೋರಿನ್ ಅಳತೆಯನ್ನು ಪುರಸಭೆಯ ಬಾಗಿಲಲ್ಲಿಯೂ ಪ್ರತಿ ವಾರ್ಡಿನಲ್ಲಿಯೂ ಹಲಗೆಯ ಮೇಲೆ ಬರೆದು ತೂಗಹಾಕಬೇಕು. ನಾಲ್ಕನೆಯದಾಗಿ, ನೀರುಗಂಟಿಗಳಿಗೆ ತರಬೇತಿಯೂ ತಕ್ಕ ಸಂಬಳವೂ ಕೆಲಸದ ಭದ್ರತೆಯೂ ದೊರೆಯಬೇಕು. ಕೊನೆಯದಾಗಿ, ಪುರಸಭೆಯ ಪ್ರತಿಯೊಂದು ಸಭೆಯಲ್ಲಿಯೂ ಮೊದಲ ವಿಷಯವಾಗಿ ನೀರಿನ ಪುಸ್ತಕವನ್ನು ಓದಿ, ಅಧ್ಯಕ್ಷರೂ ಮುಖ್ಯಾಧಿಕಾರಿಗಳೂ ಅದರ ಕೆಳಗೆ ಸಹಿ ಹಾಕಬೇಕು.

ಇವೆಲ್ಲಕ್ಕೂ ಮೂಲವಾದ ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಕೆಟ್ಟ ಅಂಕೆಯನ್ನು ನಿಜವಾಗಿ ಬರೆದವನನ್ನು ದಂಡಿಸಕೂಡದು. ಒಳ್ಳೆಯ ಅಂಕೆಯನ್ನು ಸುಳ್ಳಾಗಿ ಬರೆದವನನ್ನು ಬಿಡಕೂಡದು. ಇಂದು ಕಛೇರಿಗಳಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿ ಬೇರೂರಿದೆ. ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆಯೆಂದು ಬರೆದವನಿಗೆ ನೋಟೀಸು ಬರುತ್ತದೆ, ೦.೫ ಎಂದು ಬರೆದವನಿಗೆ ಏನೂ ಬರುವುದಿಲ್ಲ. ಹೀಗಿರುವಾಗ ಪುಸ್ತಕದಲ್ಲಿ ಸೊನ್ನೆ ಕಾಣದಿರುವುದು ಆಶ್ಚರ್ಯವಲ್ಲ. ಸೊನ್ನೆಯನ್ನು ಕಂಡ ದಿನವೇ ಮೇಲಧಿಕಾರಿ ಓಡಿ ಬಂದು ಪುಡಿಯನ್ನೂ ಕೊಳವೆಯನ್ನೂ ಪರೀಕ್ಷಿಸಿ, ಬರೆದವನಿಗೆ ಶಹಬಾಸ್ ಎನ್ನುವಂತಾದಾಗ ಮಾತ್ರ ಪುಸ್ತಕವು ನಿಜವಾಗುವುದು.

ಇದೆಲ್ಲ ನಮ್ಮಿಂದಾಗದ ಮಾತೆಂದು ಯಾರೂ ಹೇಳದಿರಲಿ. ಒಡಿಶಾ ರಾಜ್ಯದ ಪುರಿಯು ಯಾತ್ರಿಕರ ಜನಜಂಗುಳಿಯ ಊರು. ಅಲ್ಲಿ ೨೦೨೧ರ ಜುಲೈ ತಿಂಗಳಿಂದ ನಲ್ಲಿಯ ನೀರನ್ನೇ ನೇರವಾಗಿ ಕುಡಿಯುವ ವ್ಯವಸ್ಥೆಯನ್ನು ಜಾರಿಗೆ ತಂದರು. ಆ ರಾಜ್ಯದ ಪಟ್ಟಣಗಳಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಜಲಸಾಥಿಗಳೆಂಬ ಹೆಸರಿನಿಂದ ಮನೆಮನೆಗೆ ಹೋಗಿ ನೀರನ್ನು ಪರೀಕ್ಷಿಸುತ್ತಾರೆ. ಕಂದಾಯವನ್ನೂ ಅವರೇ ವಸೂಲು ಮಾಡುತ್ತಾರೆ. ಸೀಸೆಯಲ್ಲಿ ನೀರು ತುಂಬಿಟ್ಟು ಒಂದೆರಡು ದಿನಗಳಲ್ಲಿ ಅದು ಕಪ್ಪಾದರೆ ಮಲದ ಸೋಂಕಿದೆಯೆಂದು ತಿಳಿಸುವ ಅಗ್ಗದ ಪರೀಕ್ಷೆಯನ್ನು ೧೯೮೨ರಲ್ಲಿ ಲೋಕಕ್ಕೆ ಕೊಟ್ಟವರು ಗ್ವಾಲಿಯರಿನ ರಕ್ಷಣಾ ಪ್ರಯೋಗಶಾಲೆಯ ನಮ್ಮ ವಿಜ್ಞಾನಿಗಳೇ. ನಮ್ಮವರು ಕಂಡುಹಿಡಿದ ಸೀಸೆ ಪರದೇಶಗಳಲ್ಲಿ ಬಳಕೆಯಾಗಿರುವಾಗ ನಮ್ಮೂರಿನ ಪ್ರತಿ ಪ್ರೌಢಶಾಲೆಯ ಕಪಾಟಿನಲ್ಲಿ ಅದಿರಬಾರದೇಕೆ? ವಿಜ್ಞಾನದ ಉಪಾಧ್ಯಾಯರು ತಿಂಗಳಿಗೊಮ್ಮೆ ಮಕ್ಕಳ ಕೈಯಿಂದಲೇ ತಂತಮ್ಮ ಬೀದಿಯ ನೀರನ್ನು ಪರೀಕ್ಷಿಸಲಿ. ಅದರ ಫಲವನ್ನು ಈ ಪತ್ರಿಕೆಯಲ್ಲಿ ಯಾವ ಶುಲ್ಕವೂ ಇಲ್ಲದೆ ಪ್ರಕಟಿಸಲು ನಾವು ಸಿದ್ಧರಿದ್ದೇವೆ.

೧೮೮೨ರಲ್ಲಿ ರಿಪ್ಪನ್ ಪ್ರಭುವಿನ ಕಾಲದಲ್ಲಿ ಸ್ಥಾನಿಕ ಸ್ವರಾಜ್ಯದ ನಿರ್ಣಯವಾದಾಗ, ಈ ದೇಶದ ಜನರು ತಮ್ಮ ಬೀದಿಯ ದೀಪವನ್ನೂ ತಮ್ಮ ಬಾವಿಯ ನೀರನ್ನೂ ತಾವೇ ನೋಡಿಕೊಳ್ಳಬಲ್ಲರೇ ಎಂದು ಹಾಸ್ಯಮಾಡಿದ ಆಂಗ್ಲ ಅಧಿಕಾರಿಗಳಿದ್ದರು. ಆ ಹಾಸ್ಯಕ್ಕೆ ನಮ್ಮ ಹಿರಿಯರು ಕೊಟ್ಟ ಉತ್ತರವು ದೊಡ್ಡದಾಯಿತು, ದೇಶವೇ ಸ್ವತಂತ್ರವಾಯಿತು. ಚಿಕ್ಕ ಉತ್ತರವೊಂದು ಇನ್ನೂ ಬಾಕಿಯಿದೆ. ಅದನ್ನು ಪ್ರತಿ ಪಟ್ಟಣವೂ ತನ್ನ ನಲ್ಲಿಯ ಕೆಳಗೆ ಹಿಡಿದ ಲೋಟದಲ್ಲಿ ಕೊಡಬೇಕಾಗಿದೆ. ನಮ್ಮ ಪೌರಪಿತೃಗಳೂ ಮುಖ್ಯಾಧಿಕಾರಿಗಳೂ ಈ ವಾರವೇ ನೀರಿನ ಪುಸ್ತಕವನ್ನು ತರಿಸಿ ನೋಡಲಿ. ದಿನದಿನವೂ ಒಂದೇ ಅಂಕೆ, ಒಂದೇ ಕೈಬರಹ, ಒಂದೇ ಮಸಿಯಲ್ಲಿ ಕಂಡುಬಂದರೆ ಅಂದೇ ಊರಿನ ಕೊನೆಯ ಕೇರಿಗೆ ಹೋಗಿ ಅಲ್ಲಿಯ ನೀರನ್ನು ತಾವೇ ಅಳೆದು ನೋಡಲಿ. ಮುಂಗಾರು ಈಗಾಗಲೇ ಕಾಲಿಟ್ಟಿದೆ.